ತಟ್ಟದ ಬಾಗಿಲು: ನಗರದ ಮತದಾರರ ಮೇಲಿನ ಆರೋಪದ ಖಂಡನೆ

ಬೆಂಗಳೂರಿನಲ್ಲಿ ಪ್ರತಿ ಚುನಾವಣೆಯ ಮತದಾನ ಮುಗಿದ ಸಂಜೆಯೇ, ಎಣಿಕೆಗೆ ಇನ್ನೂ ದಿನಗಳು ಬಾಕಿಯಿರುವಾಗಲೇ, ಒಂದು ತೀರ್ಪು ಹೊರಬೀಳುತ್ತದೆ. ನಗರದ ಮತದಾರ ನಿರಾಸಕ್ತ, ಓದಿಯೂ ಹೊಣೆಯರಿಯದವನು, ರಜೆ ಸಿಕ್ಕರೆ ಊರು ಬಿಟ್ಟು ಹೋಗುವವನು, ರಸ್ತೆಗುಂಡಿಯ ಬಗ್ಗೆ ವರ್ಷವೆಲ್ಲ ದೂರುತ್ತ ಮತದಾನದ ದಿನ ಮನೆಯಲ್ಲೇ ಉಳಿಯುವವನು ಎಂಬ ಈ ತೀರ್ಪಿಗೆ ಆಧಾರವಾಗಿ ಅಂಕಿಗಳನ್ನೂ ಮುಂದಿಡಲಾಗುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದ ಒಟ್ಟು ಮತದಾನ ಶೇ. 73ನ್ನು ದಾಟಿದಾಗ ಬೆಂಗಳೂರು ನಗರದ ಪ್ರಮಾಣ ಶೇ. 55ರ ಆಸುಪಾಸಿನಲ್ಲೇ ನಿಂತಿತು. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಶೇ. 81ನ್ನು ಮೀರಿದಾಗ ಬೆಂಗಳೂರಿನ ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳು ಮೂರೂ ಶೇ. 53ರಿಂದ 55ರ ನಡುವೆ ಉಳಿದವು. ಹೆಬ್ಬಾಳ ವಿಧಾನಸಭಾ ಕ್ಷೇತ್ರ ಸೇರಿರುವುದು ಇವುಗಳಲ್ಲಿ ಮೊದಲನೆಯದಾದ ಬೆಂಗಳೂರು ಉತ್ತರಕ್ಕೆ. ಆದ್ದರಿಂದ ಸಂಜಯನಗರ, ಗಂಗಾನಗರ, ಭೂಪಸಂದ್ರ, ಮನೋರಾಯನಪಾಳ್ಯಗಳ ಜನರೂ ಈ ಆರೋಪದ ಪಾಲುದಾರರೇ ಆಗಿದ್ದಾರೆ.

ಈ ಪ್ರಚಲಿತ ಅಭಿಪ್ರಾಯವನ್ನು ಪೂರ್ವಪಕ್ಷವಾಗಿ ಬಿಡಿಸಿ ನೋಡಿದರೆ ಅದರಲ್ಲಿ ಮೂರು ಎಳೆಗಳು ಕಾಣುತ್ತವೆ. ಮತದಾನ ಕಡಿಮೆಯಾಗಲು ನಾಗರಿಕರ ಸ್ವಭಾವವೇ ಕಾರಣ ಎಂಬುದು ಮೊದಲನೆಯದು. ಕಾರಣ ಸ್ವಭಾವದಲ್ಲಿರುವುದರಿಂದ ಪರಿಹಾರವೂ ಉಪದೇಶ, ಆಮಿಷ ಅಥವಾ ದಂಡನೆಯ ರೂಪದಲ್ಲೇ ಇರಬೇಕು ಎಂಬುದು ಎರಡನೆಯದು. ಅಭ್ಯರ್ಥಿಯೊಬ್ಬರು ವರ್ಷಗಟ್ಟಲೆ ಬೀದಿಬೀದಿ ತಿರುಗಿ, ಮನೆಮನೆಯ ಬಾಗಿಲು ತಟ್ಟಿ, ಹೊಸಬರ ಹೆಸರು ಪಟ್ಟಿಗೆ ಸೇರಿಸಿ ಕಟ್ಟುವ ತಳಮಟ್ಟದ ಸಂಘಟನೆ ಹಳ್ಳಿಗಳಿಗೆ ಹೊಂದುವ ಹಳೆಯ ಪದ್ಧತಿಯಾಗಿದ್ದು ಮಹಾನಗರದಲ್ಲಿ ಅದಕ್ಕೆ ಜಾಗವಿಲ್ಲ ಎಂಬುದು ಮೂರನೆಯದು. ಈ ಮೂರೂ ತಪ್ಪು. ಮತದಾನದ ಪ್ರಮಾಣ ನಾಗರಿಕರ ಗುಣವನ್ನು ಅಳೆಯುವ ಮಾನದಂಡವಲ್ಲ. ಅವರ ಬಳಿಗೆ ಯಾರು ಹೋದರು, ಯಾವಾಗ ಹೋದರು, ಎಷ್ಟು ಸಲ ಹೋದರು ಎಂಬುದರ ಲೆಕ್ಕ ಅದು. ನಗರದಲ್ಲಿ ಆ ಲೆಕ್ಕ ಕಡಿಮೆ ಬಂದಿದ್ದರೆ ಬಾಕಿ ಉಳಿಸಿಕೊಂಡವರು ರಾಜಕೀಯ ಪಕ್ಷಗಳು ಮತ್ತು ಅಭ್ಯರ್ಥಿಗಳು. ಆ ಬಾಕಿಯನ್ನು ಮತದಾರರ ಖಾತೆಗೆ ಬರೆಯುವುದು ಅನ್ಯಾಯ.

ಮೊದಲಿಗೆ ಆರೋಪದ ಆಧಾರವಾಗಿರುವ ಅಂಕಿಯನ್ನೇ ಪರಿಶೀಲಿಸಬೇಕು. ಮತದಾನದ ಶೇಕಡಾವಾರು ಎಂದರೆ ಮತ ಹಾಕಿದವರ ಸಂಖ್ಯೆಯನ್ನು ಪಟ್ಟಿಯಲ್ಲಿರುವ ಹೆಸರುಗಳ ಸಂಖ್ಯೆಯಿಂದ ಭಾಗಿಸಿ ಬರುವ ಪ್ರಮಾಣ; ಆದ್ದರಿಂದ ಪಟ್ಟಿ ಕೆಟ್ಟಿದ್ದರೆ ಪ್ರಮಾಣವೂ ಕೆಡುತ್ತದೆ. ಬಾಡಿಗೆ ಮನೆಗಳೇ ಹೆಚ್ಚಾಗಿರುವ ಬಡಾವಣೆಯಲ್ಲಿ ಮನೆ ಬದಲಿಸಿದವರ ಹೆಸರು ಹಳೆಯ ವಿಳಾಸದಲ್ಲೇ ಉಳಿದುಬಿಡುತ್ತದೆ, ಹೊಸ ವಿಳಾಸದಲ್ಲಿ ಇನ್ನೊಮ್ಮೆ ಸೇರುವುದೂ ಉಂಟು. ತೀರಿಕೊಂಡವರ ಹೆಸರನ್ನು ತೆಗೆಸಲು ಮನೆಯವರು ಅರ್ಜಿ ಕೊಡುವುದು ಅಪರೂಪ. ಇಂಥ ಪ್ರತಿಯೊಂದು ಹೆಸರೂ ಮತದಾನದ ದಿನ ಗೈರುಹಾಜರಿಯಾಗಿ ಎಣಿಕೆಯಾಗುತ್ತದೆ. ಇನ್ನೊಂದೆಡೆ ಅದೇ ಬೀದಿಯಲ್ಲಿ ಐದಾರು ವರ್ಷಗಳಿಂದ ಬಾಳುತ್ತಿದ್ದೂ ಪಟ್ಟಿಯಲ್ಲಿ ಹೆಸರಿಲ್ಲದವರು ಈ ಲೆಕ್ಕದ ಒಳಗೇ ಬರುವುದಿಲ್ಲ. ಇಲ್ಲದವರನ್ನು ಗೈರುಹಾಜರಿ ಎಂದೂ ಇರುವವರನ್ನು ಇಲ್ಲವೆಂದೂ ತೋರಿಸುವ ಪಟ್ಟಿಯೊಂದರಿಂದ ನಾಗರಿಕರ ನೈತಿಕತೆಯ ಬಗ್ಗೆ ತೀರ್ಮಾನಕ್ಕೆ ಬರುವುದು ಶಾಸ್ತ್ರೀಯವೂ ಅಲ್ಲ, ನ್ಯಾಯವೂ ಅಲ್ಲ.

ಮತದಾರರ ಪಟ್ಟಿ ತಾನಾಗಿ ಹುಟ್ಟುವ ವಸ್ತುವಲ್ಲ, ಕಟ್ಟಬೇಕಾದ ವಸ್ತು ಎಂಬುದಕ್ಕೆ ಗಣರಾಜ್ಯದ ಮೊದಲ ಚುನಾವಣೆಯೇ ಸಾಕ್ಷಿ. 1951–52ರಲ್ಲಿ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಮೇಲ್ವಿಚಾರಣೆಯಲ್ಲಿ ಪಟ್ಟಿ ಸಿದ್ಧವಾದಾಗ, ಸ್ವಂತ ಹೆಸರು ಹೇಳದೆ ಇಂಥವರ ಮಗಳು, ಇಂಥವರ ಹೆಂಡತಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಮಹಿಳೆಯರ ನಮೂದುಗಳನ್ನು ಕೈಬಿಡಬೇಕಾಯಿತು. ಆ ಚುನಾವಣೆಯಲ್ಲಿ ದೇಶದ ಒಟ್ಟು ಮತದಾನ ಶೇ. 45ರ ಆಸುಪಾಸಿನಲ್ಲಿತ್ತು, ಮತ್ತು ಆಗ ಬಾರದವರಲ್ಲಿ ಬಹುಪಾಲು ಹಳ್ಳಿಗರೇ ಆಗಿದ್ದರು. ಇಂದು ಮಾದರಿಯೆಂದು ತೋರಿಸಲಾಗುವ ಗ್ರಾಮೀಣ ಮತದಾರರು ಅಂದು ಇಂದಿನ ನಗರದವರಿಗಿಂತ ಕಡಿಮೆ ಪ್ರಮಾಣದಲ್ಲಿ ಮತಗಟ್ಟೆಗೆ ಬಂದಿದ್ದರು ಎಂದಾದ ಮೇಲೆ, ಮತ ಹಾಕುವ ಗುಣ ಹಳ್ಳಿಯ ಮಣ್ಣಿನಲ್ಲೇ ಇದೆ ಎಂಬ ವಾದ ನಿಲ್ಲುವುದಿಲ್ಲ. ನಡುವಿನ ಏಳು ದಶಕಗಳಲ್ಲಿ ಆದದ್ದು ಸಂಘಟನೆ: ಪಕ್ಷಗಳು, ರೈತ ಸಂಘಗಳು, ಜಾತಿ ಸಂಘಗಳು, ಸಹಕಾರಿ ಸಂಸ್ಥೆಗಳು, ಪಂಚಾಯಿತಿಗಳು ಹಳ್ಳಿಯ ಪ್ರತಿ ಮನೆಯನ್ನೂ ಹೆಸರು ಹಿಡಿದು ತಲುಪಿದವು. ನಗರದ ಹೊಸ ಬಡಾವಣೆಗಳಿಗೆ ಅಂಥ ಕೈ ಇನ್ನೂ ಚಾಚಿಲ್ಲ.

ಈ ಮಾತಿಗೆ ಇನ್ನೂ ಹತ್ತಿರದ ನಿದರ್ಶನವಿದೆ. 2019ರ ಡಿಸೆಂಬರ್ 5ರಂದು ರಾಜ್ಯದ ಹದಿನೈದು ವಿಧಾನಸಭಾ ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ ಹೊಸಕೋಟೆಯಲ್ಲಿ ಶೇ. 90ಕ್ಕೂ ಹೆಚ್ಚು ಮತದಾನವಾಯಿತು; ಹೊಸಕೋಟೆಗೆ ಹೋಗುವ ಹಳೇ ಮದ್ರಾಸ್ ರಸ್ತೆಯ ಮೇಲೆಯೇ ಸ್ವಲ್ಪ ದೂರದಲ್ಲಿರುವ ಕೆ.ಆರ್. ಪುರದಲ್ಲಿ, ಅಂದರೆ ಹೆಬ್ಬಾಳದಂತೆಯೇ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರಕ್ಕೆ ಸೇರಿದ ಭಾಗದಲ್ಲಿ, ಅದು ಶೇ. 47ನ್ನೂ ಮುಟ್ಟಲಿಲ್ಲ. ದಿನ ಒಂದೇ, ಆಯೋಗ ಒಂದೇ, ಜಾಗೃತಿಯ ಜಾಹೀರಾತೂ ಒಂದೇ. ಹೊಸಕೋಟೆಯ ಮತದಾನವೆಲ್ಲ ಆದರ್ಶ ಸಂಘಟನೆಯ ಫಲವೆಂದು ಸಾಧಿಸುವುದು ಇಲ್ಲಿನ ಉದ್ದೇಶವಲ್ಲ. ಮನೆತನದ ನಿಷ್ಠೆ, ಜಾತಿಯ ಬಲಾಬಲ, ಪಕ್ಷಾಂತರದಿಂದ ಹುಟ್ಟಿದ ಪ್ರತಿಷ್ಠೆಯ ಹಣಾಹಣಿ ಎಲ್ಲವೂ ಅಲ್ಲಿ ಸೇರಿದ್ದವು. ಆದರೆ ಅಲ್ಲಿನ ಪ್ರತಿ ಮನೆಗೂ ಅಭ್ಯರ್ಥಿಯ ಕಡೆಯ ಒಬ್ಬರಾದರೂ ಗೊತ್ತಿದ್ದವರಿದ್ದರು, ಗೆಲುವು ಸೋಲಿನಲ್ಲಿ ತಮ್ಮ ಒಂದು ಮತಕ್ಕೆ ಬೆಲೆಯಿದೆ ಎಂದು ಮನೆಯವರಿಗೆ ಗೊತ್ತಿತ್ತು, ಆ ಸಲ ಗೆದ್ದವರು ಪಕ್ಷೇತರ ಅಭ್ಯರ್ಥಿ ಎಂಬುದೂ ಅದನ್ನೇ ಹೇಳುತ್ತದೆ. ಒಂದೇ ರಸ್ತೆಯ ಎರಡು ತುದಿಗಳಲ್ಲಿ ನಾಗರಿಕ ಪ್ರಜ್ಞೆ ಇಮ್ಮಡಿಯಾಗಿ ಬದಲಾಗಲು ಸಾಧ್ಯವಿಲ್ಲ, ಬದಲಾಗುವುದು ತಲುಪುವಿಕೆ.

ಪೂರ್ವಪಕ್ಷದ ಎರಡನೆಯ ಎಳೆ, ಅಂದರೆ ಉಪದೇಶ ಮತ್ತು ಆಮಿಷಗಳ ಪರಿಹಾರ, ಪರೀಕ್ಷೆಗೆ ಒಳಗಾಗಿ ಸೋತಿದೆ. 2009ರಿಂದ ಚುನಾವಣಾ ಆಯೋಗ ‘ಸ್ವೀಪ್’ ಎಂಬ ಹೆಸರಿನಲ್ಲಿ ಮತದಾರರ ಶಿಕ್ಷಣ ಮತ್ತು ಪಾಲ್ಗೊಳ್ಳುವಿಕೆಯ ಕಾರ್ಯಕ್ರಮವನ್ನು ನಡೆಸುತ್ತಿದ್ದು, 2011ರಿಂದ ಜನವರಿ 25ನ್ನು ರಾಷ್ಟ್ರೀಯ ಮತದಾರರ ದಿನವಾಗಿ ಆಚರಿಸಲಾಗುತ್ತಿದೆ. ಖ್ಯಾತರನ್ನು ರಾಯಭಾರಿಗಳನ್ನಾಗಿ ಮಾಡಿ ಜಾಥಾ, ಬೀದಿನಾಟಕ, ಪ್ರತಿಜ್ಞಾ ಸ್ವೀಕಾರಗಳನ್ನು ಏರ್ಪಡಿಸಲಾಗಿದೆ. ವಾರಾಂತ್ಯದ ಜೊತೆ ಸೇರಿಕೊಂಡರೆ ಜನ ಪ್ರವಾಸ ಹೊರಡುತ್ತಾರೆಂಬ ಭಾವನೆಯಿಂದ 2023ರಲ್ಲಿ ಮತದಾನವನ್ನು ಬುಧವಾರವಾದ ಮೇ 10ಕ್ಕೆ ಗೊತ್ತುಪಡಿಸಲಾಯಿತು. ಶಾಯಿ ಹಚ್ಚಿದ ಬೆರಳು ತೋರಿಸಿದವರಿಗೆ ದೋಸೆ, ಸಿಹಿ, ತಂಪು ಪಾನೀಯಗಳನ್ನು ಉಚಿತವಾಗಿಯೋ ರಿಯಾಯಿತಿ ದರದಲ್ಲೋ ಕೊಡುವುದಾಗಿ ನಗರದ ಹೋಟೆಲುಗಳು ಘೋಷಿಸಿದವು. ಇವರೆಲ್ಲರ ಉದ್ದೇಶ ಒಳ್ಳೆಯದು. ಆದರೆ ವಾರದ ನಡುವೆ ಬಂದ 2023ರ ಮತದಾನಕ್ಕೂ ಶುಕ್ರವಾರ ಬಂದ 2024ರ ಏಪ್ರಿಲ್ 26ರ ಮತದಾನಕ್ಕೂ ನಗರದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಜನ ಬಾರದಿರಲು ಪ್ರವಾಸವೇ ಕಾರಣವಾಗಿದ್ದರೆ ಬುಧವಾರ ಅವರು ಬರಬೇಕಿತ್ತು. ಇನ್ನು ದಂಡನೆಯ ದಾರಿಯನ್ನು ಹಿಡಿದ ಗುಜರಾತ್, ಸ್ಥಳೀಯ ಸಂಸ್ಥೆಗಳ ಚುನಾವಣೆಗಳಲ್ಲಿ ಮತದಾನವನ್ನು ಕಡ್ಡಾಯಗೊಳಿಸುವ ಕಾನೂನು ತಂದರೂ 2015ರಲ್ಲಿ ಅಲ್ಲಿನ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಸ್ವತಂತ್ರ ನಾಗರಿಕರಿಗೆ ಹಕ್ಕಾಗಿ ದೊರೆತದ್ದನ್ನು ದಂಡದ ಭಯದಿಂದ ಚಲಾಯಿಸುವಂತೆ ಮಾಡುವುದು ಆ ಹಕ್ಕಿಗೇ ಮಾಡುವ ಅವಮಾನ.

ಇದಕ್ಕೆ ಎದುರಾಗಿ, ಬಾಗಿಲು ತಟ್ಟುವ ಕೆಲಸಕ್ಕೆ ಗಟ್ಟಿಯಾದ ಪ್ರಮಾಣಗಳಿವೆ. 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಆಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್ ಎಂಬ ರಾಜ್ಯಶಾಸ್ತ್ರಜ್ಞರು ಸುಮಾರು 30 ಸಾವಿರ ಮತದಾರರ ನಡುವೆ ಒಂದು ಯಾದೃಚ್ಛಿಕ ಪ್ರಯೋಗ ನಡೆಸಿದರು. ಚೀಟಿ ಎತ್ತಿದಂತೆ ಜನರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರನ್ನು ಮನೆಬಾಗಿಲಲ್ಲಿ ಭೇಟಿಯಾಗಿ, ಕೆಲವರಿಗೆ ಫೋನ್ ಮಾಡಿ, ಕೆಲವರಿಗೆ ಅಂಚೆಯಲ್ಲಿ ಪತ್ರ ಕಳಿಸಿ, ಇನ್ನು ಕೆಲವರನ್ನು ಹಾಗೆಯೇ ಬಿಟ್ಟು ಫಲವನ್ನು ಹೋಲಿಸುವ ವಿಧಾನ ಇದು. ಮುಖಾಮುಖಿ ಮಾತನಾಡಿಸಿದವರಲ್ಲಿ ಮತದಾನ ಎಂಟೊಂಬತ್ತು ಶೇಕಡಾ ಅಂಶಗಳಷ್ಟು ಏರಿತು, ಪತ್ರದಿಂದ ಅತ್ಯಲ್ಪ ಏರಿಕೆ ಕಂಡಿತು, ಫೋನಿನಿಂದ ಏನೂ ಆಗಲಿಲ್ಲ. ಹಾಗೆ ಒಮ್ಮೆ ಮತಗಟ್ಟೆಗೆ ಬಂದವರು ಮರುವರ್ಷದ ನಗರ ಚುನಾವಣೆಗೂ, ಯಾರೂ ಬಾಗಿಲು ತಟ್ಟದಿದ್ದರೂ, ಉಳಿದವರಿಗಿಂತ ಹೆಚ್ಚಾಗಿ ಬಂದರು ಎಂಬುದು ಅದೇ ಪ್ರಯೋಗದ ಮುಂದಿನ ಅಧ್ಯಯನದಲ್ಲಿ ಕಂಡುಬಂತು. ಮತದಾನ ಒಂದು ಅಭ್ಯಾಸ. ಮೊದಲ ಮತಕ್ಕೆ ಯಾರಾದರೂ ಕರೆಯಬೇಕು, ಆಮೇಲಿನವು ತಾವಾಗಿ ಬರುತ್ತವೆ.

ಅದು ಅಮೆರಿಕದ ಮಾತು, ಭಾರತದ ನಗರಕ್ಕೆ ಹೊಂದದು ಎನ್ನುವವರಿಗೆ ದೆಹಲಿಯೇ ಉತ್ತರ. 2008ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿನ ಮತದಾನ ಶೇ. 58ನ್ನೂ ಮುಟ್ಟಿರಲಿಲ್ಲ, 2012ರ ನವೆಂಬರಿನಲ್ಲಿ ಹುಟ್ಟಿದ ಆಮ್ ಆದ್ಮಿ ಪಕ್ಷ ವಿದ್ಯುತ್ ಮತ್ತು ನೀರಿನ ಬಿಲ್ಲುಗಳನ್ನು ವಿಷಯವಾಗಿಟ್ಟುಕೊಂಡು ಸ್ವಯಂಸೇವಕರನ್ನು ಮನೆಮನೆಗೆ ಕಳಿಸಿ, ಸಣ್ಣ ದೇಣಿಗೆ ಎತ್ತಿ, ಆಟೋಗಳ ಹಿಂಭಾಗವನ್ನೇ ಫಲಕ ಮಾಡಿಕೊಂಡು ನಡೆಸಿದ ಸಂಘಟನೆಯ ನಂತರ 2013ರಲ್ಲಿ ಅದು ಶೇ. 65ನ್ನು ದಾಟಿ, 2015ರಲ್ಲಿ ಶೇ. 67ಕ್ಕೆ ಏರಿತು. ಆ ಪಕ್ಷದ ಮುಂದಿನ ನಡೆಗಳ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಮಹಾನಗರದ ಜನ ಬರುವುದಿಲ್ಲ ಎಂಬ ನಂಬಿಕೆಯನ್ನು ಆ ವರ್ಷಗಳು ಸುಳ್ಳು ಮಾಡಿದವು. ನ್ಯೂಯಾರ್ಕಿನಲ್ಲಿ 2025ರಲ್ಲಿ ಮೇಯರ್ ಆಗಿ ಆಯ್ಕೆಯಾದ ಜೊಹ್ರಾನ್ ಮಮ್ದಾನಿ, ಆರಂಭದಲ್ಲಿ ಹೆಚ್ಚು ಜನರಿಗೆ ಹೆಸರೇ ಗೊತ್ತಿಲ್ಲದ ಅಭ್ಯರ್ಥಿಯಾಗಿದ್ದು, ಮನೆ ಬಾಡಿಗೆ, ಬಸ್ ಪ್ರಯಾಣ, ಮಕ್ಕಳ ಪಾಲನೆಯ ಖರ್ಚುಗಳನ್ನು ಮುಂದಿಟ್ಟುಕೊಂಡು ಸಾವಿರಾರು ಸ್ವಯಂಸೇವಕರೊಡನೆ ಬಾಗಿಲು ತಟ್ಟಿದವರು. ಅದಕ್ಕೆ ನಾಲ್ಕು ವರ್ಷಗಳ ಹಿಂದೆ ಹನ್ನೊಂದು ಲಕ್ಷದ ಆಸುಪಾಸಿನಲ್ಲಿದ್ದ ಮತಗಳ ಸಂಖ್ಯೆ ಆ ನವೆಂಬರಿನಲ್ಲಿ 20 ಲಕ್ಷವನ್ನು ದಾಟಿತು, 1969ರ ನಂತರ ಅಲ್ಲಿನ ಮೇಯರ್ ಚುನಾವಣೆಯಲ್ಲಿ ಅಷ್ಟು ಮತ ಬಿದ್ದಿರಲಿಲ್ಲ.

ಆದರೂ ಸಂಘಟನೆಯ ಮಹತ್ವವನ್ನು ಅರಿಯಲು ಹೊರದೇಶದ ಉದಾಹರಣೆ ಬೇಕಾಗಿಲ್ಲ. ನಮ್ಮ ಕಾನೂನಿನ ಒಂದು ಸಾಲು ಸಾಕು. 1950ರ ಜನಪ್ರಾತಿನಿಧ್ಯ ಕಾಯ್ದೆಯ 23ನೇ ಪ್ರಕರಣದ ಪ್ರಕಾರ ಒಂದು ಕ್ಷೇತ್ರದ ಚುನಾವಣೆಗೆ ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ, ಆ ಚುನಾವಣೆ ಪೂರ್ಣಗೊಳ್ಳುವವರೆಗೆ, ಅಲ್ಲಿನ ಮತದಾರರ ಪಟ್ಟಿಗೆ ಹೊಸ ಹೆಸರು ಸೇರಿಸುವಂತಿಲ್ಲ. 2023ರಲ್ಲಿ ನಾಮಪತ್ರದ ಕೊನೆಯ ದಿನ ಏಪ್ರಿಲ್ 20, ಮತದಾನ ಮೇ 10; ಅರ್ಜಿಯ ಪರಿಶೀಲನೆಗೆ ಬೇಕಾದ ದಿನಗಳನ್ನು ಕಳೆದರೆ ಹೊಸಬರಿಗೆ ಬಾಗಿಲು ಮುಚ್ಚಿದ್ದು ಅದಕ್ಕೂ ಮೊದಲೇ. ಪಕ್ಷಗಳು ಟಿಕೆಟ್ ಘೋಷಿಸುವುದಾದರೋ ಬಹುಪಾಲು ಆ ಕೊನೆಯ ದಿನಗಳಲ್ಲೇ. ಹೀಗಾಗಿ ಟಿಕೆಟ್ ಕೈಗೆ ಬಂದ ಮೇಲೆ ಬೀದಿಗಿಳಿಯುವ ಅಭ್ಯರ್ಥಿ ಎಷ್ಟೇ ದೊಡ್ಡ ರೋಡ್ ಶೋ ನಡೆಸಿದರೂ, ಎಷ್ಟೇ ಚೆನ್ನಾಗಿ ಭಾಷಣ ಮಾಡಿದರೂ, ಪಟ್ಟಿಗೆ ಒಬ್ಬ ಹೊಸ ಮತದಾರನನ್ನೂ ಸೇರಿಸಲಾರರು. ಅವರು ಬೇರೆಯವರು ಕಟ್ಟಿದ ಪಟ್ಟಿಯೊಳಗಿನ ಮತಗಳನ್ನು ಹಂಚಿಕೊಳ್ಳಬಲ್ಲರು, ಅಷ್ಟೇ. ಹೊಸ ಮತದಾರರು ಹುಟ್ಟುವುದು ಚುನಾವಣೆ ಘೋಷಣೆಯಾಗುವ ಮೊದಲು, ಯಾರ ಕಣ್ಣಿಗೂ ಬೀಳದ ತಿಂಗಳುಗಳಲ್ಲಿ.

ಆ ತಿಂಗಳುಗಳಲ್ಲಿ ಆಗಬೇಕಾದ ಕೆಲಸ ಎಂಥದ್ದು ಎಂಬುದನ್ನು ಹೆಬ್ಬಾಳದ ಒಂದು ಓಣಿಯ ಮಟ್ಟದಲ್ಲಿ ನೋಡಬಹುದು. ಭೂಪಸಂದ್ರದಲ್ಲೋ ಗೆದ್ದಲಹಳ್ಳಿಯಲ್ಲೋ ನೆಲಮಹಡಿಯಲ್ಲಿ ಮಾಲೀಕರು, ಮೇಲೆ ಎರಡು ಮೂರು ಅಂತಸ್ತುಗಳಲ್ಲಿ ಬಾಡಿಗೆದಾರರು ಇರುವ ಇಪ್ಪತ್ತು ಅಡಿ ಅಗಲದ ನಿವೇಶನದ ಮನೆಯೊಂದನ್ನು ತೆಗೆದುಕೊಂಡರೆ, ಪಟ್ಟಿಯ ಹಾಳೆಯಲ್ಲಿ ಆ ಮನೆ ಸಂಖ್ಯೆಯ ಎದುರು ಕಾಣುವುದು ಮಾಲೀಕರ ಕುಟುಂಬ ಮತ್ತು ಎಂದೋ ಮನೆ ಬಿಟ್ಟುಹೋದ ಬಾಡಿಗೆದಾರರ ಹೆಸರು. ಮೇಲಿನ ಕೋಣೆಯಲ್ಲಿ ಈಗ ಇರುವ, ಡೆಲಿವರಿ ಕೆಲಸದ ಇಪ್ಪತ್ತರ ಹುಡುಗನಿಗೂ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗಿಗೂ ನಮೂನೆ 6 ಎಂಬ ಸೇರ್ಪಡೆ ಅರ್ಜಿಯ ಹೆಸರು ಕೇಳಿ ಗೊತ್ತಿದ್ದರೂ, ಊರಿನ ವಿಳಾಸವಿರುವ ಆಧಾರ್ ಕಾರ್ಡ್ ಇಟ್ಟುಕೊಂಡು ಇಲ್ಲಿ ಅರ್ಜಿ ಹಾಕಬಹುದೇ, ಕರಾರುಪತ್ರ ಮಾಡಿಕೊಡದ ಮಾಲೀಕರು ಏನೆನ್ನುವರೋ, ಊರಿನ ಪಟ್ಟಿಯಲ್ಲಿ ಹೆಸರಿದ್ದರೆ ತೊಂದರೆಯೇ ಎಂಬ ಸಂದೇಹಗಳು ಬಗೆಹರಿಯುವುದಿಲ್ಲ. ಕಾನೂನು ಕೇಳುವುದು ಸ್ವಂತ ಮನೆಯನ್ನಲ್ಲ, ‘ಸಾಮಾನ್ಯ ನಿವಾಸಿ’ಯಾಗಿರುವುದನ್ನು, ಅಂದರೆ ನಿತ್ಯವೂ ಉಂಡು ಮಲಗುವ ವಾಸಸ್ಥಳ ಅದೇ ಆಗಿರುವುದನ್ನು, ವಿಳಾಸದ ದಾಖಲೆಯಿಲ್ಲದಿದ್ದರೆ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಸ್ಥಳಕ್ಕೆ ಬಂದು ಪರಿಶೀಲಿಸುವ ಅವಕಾಶವೂ ಇದೆ, ಬೇರೆ ಕ್ಷೇತ್ರದಿಂದ ಬಂದವರು ನಮೂನೆ 8ರಲ್ಲಿ ಹೆಸರು ವರ್ಗಾಯಿಸಿಕೊಳ್ಳಬಹುದು, 2022ರ ಆಗಸ್ಟಿನಿಂದ ಜನವರಿ ಒಂದಕ್ಕಷ್ಟೇ ಅಲ್ಲದೆ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಒಂದನೇ ತಾರೀಖಿಗೆ ಹದಿನೆಂಟು ತುಂಬಿದವರೂ ಅರ್ಹರು. ಇದನ್ನೆಲ್ಲ ಒಂದು ಫಲಕದ ಮೇಲೆ ಬರೆದರೆ ಯಾರೂ ಓದುವುದಿಲ್ಲ. ಆ ಮೆಟ್ಟಿಲು ಹತ್ತಿ ಹೋಗಿ, ಅರ್ಜಿ ತುಂಬಿಸಿ, ಹದಿನೈದು ದಿನ ಬಿಟ್ಟು ಮತ್ತೆ ಬಂದು, ಪಟ್ಟಿಯಲ್ಲಿ ಬಂದ ಭಾಗ ಸಂಖ್ಯೆ, ಕ್ರಮ ಸಂಖ್ಯೆಗಳನ್ನು ತೋರಿಸುವವರು ಬೇಕು. ತನ್ನ ಹೆಸರು ಅಚ್ಚಾಗಿರುವ ಸಾಲನ್ನು ಬೆರಳಿಟ್ಟು ನೋಡಿದ ಯುವತಿ ಆ ಚುನಾವಣೆಯನ್ನು ತನ್ನದೆಂದು ಭಾವಿಸುತ್ತಾಳೆ. ಸ್ಫೂರ್ತಿ ಎಂಬ ಮಾತಿಗೆ ರಾಜಕೀಯದಲ್ಲಿ ಅರ್ಥವಿದ್ದರೆ ಅದು ಅಲ್ಲಿ ಹುಟ್ಟುತ್ತದೆ.

ಕರ್ನಾಟಕಕ್ಕೆ ಈ ದಾರಿ ಹೊಸದಲ್ಲ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರ ರೈತರು ಗೇಣಿ ಭತ್ತ ಅಳೆಯುವ ಕೊಳಗದ ಪ್ರಮಾಣವನ್ನು ಪ್ರಶ್ನಿಸಿ ನಡೆಸಿದ ಸತ್ಯಾಗ್ರಹದಲ್ಲಿ ಸಮಾಜವಾದಿ ಕಾರ್ಯಕರ್ತರು ಅವರ ಜೊತೆ ನಿಂತರು, ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಗೆದ್ದದ್ದು ಹಣದಿಂದಲೂ ಅಲ್ಲ, ಆ ಕಾಲದ ಆಳುವ ಪಕ್ಷದ ಬಲದಿಂದಲೂ ಅಲ್ಲ. ಧಣಿಯ ಎದುರು ತಲೆಯೆತ್ತಿ ಮಾತನಾಡುವುದೇ ಕಷ್ಟವಾಗಿದ್ದ ಗೇಣಿದಾರರು, ಜೀವನದಲ್ಲಿ ಮೊದಲ ಬಾರಿಗೆ ಮತ ಹಾಕಿದವರು, ತಮ್ಮ ಹೊಲದ ಬದುವಿನ ಮೇಲೆ ಕಂಡಿದ್ದ ಮನುಷ್ಯನಿಗೆ ಮತ ಹಾಕಿದರು. ‘ಒಂದು ವೋಟು, ಒಂದು ನೋಟು’ ಎಂದು ಮತದಾರರಿಂದಲೇ ಮತದ ಜೊತೆ ಪುಟ್ಟ ದೇಣಿಗೆಯನ್ನೂ ಕೇಳಿದ ಪರಂಪರೆ ಆ ಸಮಾಜವಾದಿಗಳದು. ಕೊಳಗದ ಅಳತೆಗೂ ಮತಪೆಟ್ಟಿಗೆಗೂ ಇರುವ ಸಂಬಂಧವನ್ನು ಭಾಷಣ ಹೇಳಿಕೊಡಲಿಲ್ಲ, ಒಂದು ವರ್ಷದ ಒಡನಾಟ ಹೇಳಿಕೊಟ್ಟಿತು. ಹೆಬ್ಬಾಳದ ಬೀದಿಯಲ್ಲಿ ಅಂಥ ಕೊಳಗ ಇಲ್ಲವೆನ್ನುವಂತಿಲ್ಲ: ಬಾಡಿಗೆಯ ಮುಂಗಡ, ಟ್ಯಾಂಕರ್ ನೀರಿನ ದರ, ಖಾತೆಯ ಅಲೆದಾಟ, ಮಳೆಗೆ ಮನೆಗೆ ನುಗ್ಗುವ ಚರಂಡಿ, ಮೇಲ್ಸೇತುವೆಯ ಬುಡದಲ್ಲಿ ನಿತ್ಯ ಕಳೆದುಹೋಗುವ ಗಂಟೆಗಳು ಎಲ್ಲವೂ ಯಾರದೋ ಅಳತೆಯಲ್ಲಿ ಅಳೆಯಲ್ಪಡುತ್ತಿರುವ ನಗರದ ಬದುಕೇ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಬೆಂಗಳೂರಿನಲ್ಲಿ ಪ್ರಾಮಾಣಿಕರೂ ಸುಶಿಕ್ಷಿತರೂ ಆದ ಅಭ್ಯರ್ಥಿಗಳು ನಿಂತು ಸೋತಿಲ್ಲವೇ, ಜನ ಅವರನ್ನು ತಿರಸ್ಕರಿಸಲಿಲ್ಲವೇ ಎಂದು ಕೇಳಲಾಗುತ್ತದೆ. 2009ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಕ್ಯಾಪ್ಟನ್ ಗೋಪಿನಾಥ್ ಪಕ್ಷೇತರರಾಗಿ ನಿಂತರು. 2013ರಲ್ಲಿ ಲೋಕಸತ್ತಾ ಪಕ್ಷದ ಅಭ್ಯರ್ಥಿಗಳು ಹಲವು ಕ್ಷೇತ್ರಗಳಲ್ಲಿ ಕಣಕ್ಕಿಳಿದರು. 2019ರಲ್ಲಿ ನಟ ಪ್ರಕಾಶ್ ರಾಜ್ ಬೆಂಗಳೂರು ಕೇಂದ್ರದಲ್ಲಿ 28 ಸಾವಿರಕ್ಕೂ ಸ್ವಲ್ಪ ಹೆಚ್ಚು ಮತ ಪಡೆದು ಠೇವಣಿ ಕಳೆದುಕೊಂಡರು, ಅಂದರೆ ಚಲಾವಣೆಯಾದ ಸಿಂಧು ಮತಗಳಲ್ಲಿ ಆರನೇ ಒಂದು ಪಾಲನ್ನೂ ಪಡೆಯಲಿಲ್ಲ. ಈ ಸೋಲುಗಳು ಮತದಾರರ ನಿರಾಸಕ್ತಿಗೆ ಸಾಕ್ಷಿಯಾಗುವುದಿಲ್ಲ. ಪ್ರಕಾಶ್ ರಾಜ್ ತಮ್ಮ ಸ್ಪರ್ಧೆಯನ್ನು ಪ್ರಕಟಿಸಿದ್ದು 2019ರ ಹೊಸವರ್ಷದ ದಿನ, ಮತದಾನ ನಡೆದದ್ದು ಏಪ್ರಿಲ್ 18ರಂದು. ಎಂಟು ವಿಧಾನಸಭಾ ಕ್ಷೇತ್ರಗಳ ಲೋಕಸಭಾ ಕ್ಷೇತ್ರವೊಂದರಲ್ಲಿ ಮೂರೂವರೆ ತಿಂಗಳಲ್ಲಿ ಬೂತಿಗೆ ಬೂತು ಜನರನ್ನು ಕಟ್ಟುವುದು ಯಾರಿಂದಲೂ ಆಗದ ಕೆಲಸ. ಒಳ್ಳೆಯತನ ತನ್ನಷ್ಟಕ್ಕೇ ಮತವಾಗುತ್ತದೆ ಎಂಬ ನಂಬಿಕೆಯೂ, ಮತದಾರ ತನ್ನಷ್ಟಕ್ಕೇ ಬರಬೇಕು ಎಂಬ ನಂಬಿಕೆಯೂ ಒಂದೇ ಬೇರಿನವು. ಎರಡೂ ಸಂಘಟನೆಯ ಶ್ರಮವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಗರದವರು ಒಟ್ಟುಗೂಡುವುದೇ ಇಲ್ಲ ಎಂಬ ಮಾತನ್ನು ಹೆಬ್ಬಾಳದ ದಾರಿಯೇ ಸುಳ್ಳು ಮಾಡಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ, 1,791 ಕೋಟಿ ರೂಪಾಯಿ ಅಂದಾಜಿನ, 812 ಮರಗಳನ್ನು ಬಲಿ ಕೇಳುತ್ತಿದ್ದ ಉಕ್ಕಿನ ಮೇಲ್ಸೇತುವೆಯ ಯೋಜನೆಯನ್ನು ವಿರೋಧಿಸಿ 2016ರ ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಕೈಕೈ ಹಿಡಿದು ಮಾನವ ಸರಪಳಿ ರಚಿಸಿದರು. 2017ರ ಮಾರ್ಚಿನಲ್ಲಿ ಸರಕಾರ ಯೋಜನೆಯನ್ನು ಕೈಬಿಟ್ಟಿತು. ರಜೆಯ ದಿನ ಮನೆ ಬಿಟ್ಟು ಬಂದು ರಸ್ತೆಯ ಬದಿಯಲ್ಲಿ ನಿಂತವರು ನಿರಾಸಕ್ತರಾಗಿರಲಾರರು. ವಿಷಯ ಕಣ್ಣೆದುರಿಗಿತ್ತು, ನೆರೆಹೊರೆಯವರು ಹೆಸರು ಹಿಡಿದು ಕರೆದರು, ಬಂದರೆ ಫಲವಿದೆ ಎಂಬ ಭರವಸೆಯಿತ್ತು. ಈ ಮೂರೂ ಕೂಡಿದಾಗ ಅವರು ಬಂದರು. ಆದರೂ 2018ರ ವಿಧಾನಸಭಾ ಚುನಾವಣೆಯಲ್ಲಿ ನಗರದ ಮತದಾನ ಏರಲಿಲ್ಲ, ಏಕೆಂದರೆ ಆ ಸರಪಳಿಯ ಒಂದೊಂದು ಕೊಂಡಿಯನ್ನೂ ಮತ್ತೆ ಹುಡುಕಿಕೊಂಡು ಹೋಗಿ, ಮತಗಟ್ಟೆಯವರೆಗೆ ಒಯ್ಯುವ ಕೆಲಸವನ್ನು ಯಾವ ಪಕ್ಷವೂ ತನ್ನದೆಂದು ಎತ್ತಿಕೊಳ್ಳಲಿಲ್ಲ.

ಮತ್ತೊಂದು ಆಕ್ಷೇಪ ಹಣದ್ದು. ಬೂತ್ ಮಟ್ಟದ ಸಂಘಟನೆ ಎಂಬುದು ಹಣ, ಕುಕ್ಕರ್, ಸೀರೆ ಹಂಚುವ ಜಾಲಕ್ಕೆ ಇಟ್ಟ ಗೌರವದ ಹೆಸರು, ಬಡವರ ಬೀದಿಗಳಲ್ಲಿ ಮತದಾನ ಹೆಚ್ಚುವುದು ಅದರಿಂದಲೇ ಎಂದು ಹೇಳುವವರಿದ್ದಾರೆ. ಆಮಿಷ ಇದೆ, ಅದು ಅಪರಾಧ, ಅದನ್ನು ಖಂಡಿಸಲೇಬೇಕು. ಆದರೆ ಆಮಿಷ ಹಂಚುವವನೂ ಪಟ್ಟಿ ಹಿಡಿದು, ಮನೆ ಸಂಖ್ಯೆ ನೋಡಿ, ಹೆಸರು ಕೇಳಿಕೊಂಡೇ ಬರುತ್ತಾನೆ. ಆ ಬಾಗಿಲಿಗೆ ಐದು ವರ್ಷಗಳಲ್ಲಿ ಬಂದ ಒಬ್ಬನೇ ರಾಜಕೀಯ ವ್ಯಕ್ತಿ ಅವನಾಗಿದ್ದರೆ ತಪ್ಪು ಬಾಗಿಲು ತೆರೆದವರದ್ದಷ್ಟೇ ಅಲ್ಲ, ಬಾರದೆ ಉಳಿದ ಎಲ್ಲರದ್ದೂ. ಬಡವರು ಹಣಕ್ಕಾಗಿ ಬರುತ್ತಾರೆ, ಓದಿದವರು ಸೋಮಾರಿತನದಿಂದ ಬರುವುದಿಲ್ಲ ಎಂಬ ಎರಡು ಮಾತುಗಳನ್ನು ಒಟ್ಟಿಗೆ ಆಡುವವರು ಬಂದವರನ್ನೂ ಬಾರದವರನ್ನೂ ಒಂದೇ ಉಸಿರಿನಲ್ಲಿ ಅವಮಾನಿಸುತ್ತಾರೆ, ಮತ್ತು ಇಬ್ಬರ ಬಳಿಗೂ ಹೋಗುವ ಕಷ್ಟದಿಂದ ತಮ್ಮನ್ನು ತಾವೇ ಬಿಡಿಸಿಕೊಳ್ಳುತ್ತಾರೆ. ಅಪಾರ್ಟ್‌ಮೆಂಟಿನ ಗೇಟು ತೆರೆಯುವುದಿಲ್ಲ, ಆದ್ದರಿಂದ ವಾಟ್ಸ್ಆ್ಯಪ್ ಸಾಕು ಎಂಬುದೂ ಇದೇ ಜಾತಿಯ ಸಮಾಧಾನ. ಗೇಟಿನ ಕಾವಲುಗಾರರು ಮತ ಕೇಳಲು ಕೊನೆಯ ವಾರ ಬಂದ ಅಪರಿಚಿತರನ್ನು ತಡೆಯುತ್ತಾರೆ. ಕಾವೇರಿ ನೀರಿನ ಸಂಪರ್ಕಕ್ಕಾಗಿ, ಕಸ ವಿಲೇವಾರಿಗಾಗಿ ನಿವಾಸಿಗಳ ಸಂಘದೊಡನೆ ವರ್ಷವಿಡೀ ಓಡಾಡಿದವರಿಗೆ ಅದೇ ಗೇಟು ತೆರೆಯುತ್ತದೆ.

ಹಾಗಾದರೆ ಈ ಕೆಲಸ ನಗರದಲ್ಲಿ ಏಕೆ ನಿಂತುಹೋಗಿದೆ? ಅದಕ್ಕೆ ಒಂದು ಸ್ಪಷ್ಟವಾದ ಕಾರಣವಿದ್ದು, ನಿರಾಸಕ್ತಿಯ ಮಾತಾಡುವವರು ಅದನ್ನು ಹೆಚ್ಚಾಗಿ ಎತ್ತುವುದಿಲ್ಲ. ಓಣಿಯ ಮಟ್ಟದಲ್ಲಿ ಬಾಗಿಲು ತಟ್ಟುವ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿರುವುದು ಕಾರ್ಪೊರೇಟರ್ ಆಗಬಯಸುವವರಿಗೆ, ಏಕೆಂದರೆ ಅಲ್ಲಿ ಕೆಲವು ನೂರು ಮತಗಳು ಗೆಲುವನ್ನು ನಿರ್ಧರಿಸಬಲ್ಲವು. 2015ರ ಆಗಸ್ಟ್ 22ರಂದು ಬಿಬಿಎಂಪಿಯ 198 ವಾರ್ಡುಗಳಿಗೆ ಚುನಾವಣೆ ನಡೆದಾಗ ಹೆಬ್ಬಾಳ ಕ್ಷೇತ್ರದಲ್ಲಿ ರಾಧಾಕೃಷ್ಣ ದೇವಸ್ಥಾನ, ಸಂಜಯನಗರ, ಗಂಗಾನಗರ, ಹೆಬ್ಬಾಳ, ವಿಶ್ವನಾಥ ನಾಗೇನಹಳ್ಳಿ, ಮನೋರಾಯನಪಾಳ್ಯ, ಗಂಗೇನಹಳ್ಳಿ, ಜಯಚಾಮರಾಜೇಂದ್ರನಗರ ಎಂಬ ಎಂಟು ವಾರ್ಡುಗಳಿದ್ದವು. ಆ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವಾರ್ಡುಗಳ ಸಂಖ್ಯೆ ಕಾಗದದ ಮೇಲೆ 243 ಆಯಿತು, 225 ಆಯಿತು, 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ ನಗರ ಐದು ಪಾಲಿಕೆಗಳಾಗಿ ಒಡೆಯಿತು. ಆದರೆ 2025 ಮುಗಿಯುವವರೆಗೂ ಒಂದು ಮತವೂ ಬೀಳಲಿಲ್ಲ. 2015ರಲ್ಲಿ ಹದಿನೆಂಟು ತುಂಬದಿದ್ದ ಹೆಬ್ಬಾಳದ ಯಾವ ಹುಡುಗಿಯೂ ಆ ಹತ್ತು ವರ್ಷಗಳಲ್ಲಿ ತನ್ನ ಬೀದಿಯ ಪ್ರತಿನಿಧಿಗೆ ಮತ ಹಾಕುವ ಅವಕಾಶವನ್ನೇ ಪಡೆಯಲಿಲ್ಲ. ಸಂಘಟನೆಯನ್ನು ಕಲಿಸುವ ಶಾಲೆಯನ್ನು ಹೀಗೆ ವರ್ಷಗಟ್ಟಲೆ ಮುಚ್ಚಿಟ್ಟು, ಮಕ್ಕಳು ಓದುತ್ತಿಲ್ಲವೆಂದು ದೂರುವುದು ಸಲ್ಲದು.

ಇಷ್ಟರ ಮೇಲೆ ಉಳಿಯುವ ಸಿದ್ಧಾಂತ ಸರಳವಾದದ್ದು. ಮತದಾರರು ಪ್ರಜಾಪ್ರಭುತ್ವದ ಕಚ್ಚಾವಸ್ತುವಾಗಿ ಎಲ್ಲೋ ಸಿದ್ಧವಾಗಿ ಕುಳಿತಿರುವುದಿಲ್ಲ. ಯಾರೋ ಅವರ ಮನೆಗೆ ಹೋಗಿ, ಅವರ ಕಷ್ಟಕ್ಕೂ ಆ ಮತಕ್ಕೂ ಇರುವ ನಂಟನ್ನು ತೋರಿಸಿ, ಹೆಸರನ್ನು ಪಟ್ಟಿಗೆ ಸೇರಿಸಿ, ಮತಗಟ್ಟೆಯ ದಾರಿ ಹೇಳಿದಾಗ ಅವರು ಮತದಾರರಾಗುತ್ತಾರೆ. ಅಭ್ಯರ್ಥಿಯ ಮೊದಲ ಕರ್ತವ್ಯ ಇದು, ಮತ ಕೇಳುವುದು ಎರಡನೆಯದು. ಹೆಬ್ಬಾಳದ ಯಾವುದಾದರೊಂದು ವಾರ್ಡಿನಲ್ಲಿ ನಿಲ್ಲಬೇಕೆಂದಿರುವವರು, ಯಾವ ಪಕ್ಷದವರೇ ಆಗಿರಲಿ, ಪಕ್ಷವಿಲ್ಲದವರೇ ಆಗಿರಲಿ, ಟಿಕೆಟ್ಟಿಗಾಗಿ ಕಾಯದೆ ಈ ತಿಂಗಳೇ ತಮ್ಮ ಬೂತಿನ ಮತದಾರರ ಪಟ್ಟಿಯನ್ನು ತೆಗೆದುಕೊಂಡು ಒಂದು ಓಣಿಯಿಂದ ಆರಂಭಿಸಬೇಕು. ಬರೆಯುವವರೂ ಮಾತನಾಡುವವರೂ ಮುಂದಿನ ಸಲ ಶೇಕಡಾವಾರು ಕೇಳಿದ ಸಂಜೆ ಮತದಾರರನ್ನು ಬೈಯುವ ಮೊದಲು, ಅವರ ಬಾಗಿಲನ್ನು ಎಷ್ಟು ಜನ ಅಭ್ಯರ್ಥಿಗಳು ತಟ್ಟಿದ್ದರೆಂದು ಕೇಳಬೇಕು. ನಾಮಪತ್ರದ ಕೊನೆಯ ದಿನ ಪಟ್ಟಿ ಮುಚ್ಚುತ್ತದೆ. ಹೊಸ ಮತದಾರರನ್ನು ಕರೆಯುವ ಕಾಲ ಅದಕ್ಕಿಂತ ಮುಂಚಿನದು.